ಮದುವೆಗೆ ಬರುವ ಕ್ಯಾಮೆರಾ ಪಾಠಕ್ಕೂ ಬರಲಿ



ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಪಾವಗಡದ ಮೇಲೆ ಹೋಗುವವರು ಆಂಧ್ರದ ಒಂದು ಊರಿನಿಂದ ಆಂಧ್ರದ ಮತ್ತೊಂದು ಊರಿಗೆ ಕರ್ನಾಟಕವನ್ನು ಹಾಯ್ದು ಹೋಗಬೇಕು. 2022ರ ಏಪ್ರಿಲ್‌ನಿಂದ ಈ ಎರಡು ಊರುಗಳು ಬೇರೆ ಬೇರೆ ಜಿಲ್ಲೆಗಳಿಗೆ ಸೇರಿವೆ. ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ಕಳೆದ ವರ್ಷ ಹಿಂದೂಪುರದ ಒಂದು ಕೊಠಡಿಯಲ್ಲಿ ನಾನು ಮಾಡಿದ ಹತ್ತನೇ ತರಗತಿಯ ವಿಜ್ಞಾನ ಪಾಠವನ್ನು ಕಲ್ಯಾಣದುರ್ಗದ ಕಡೆಯ ಕನ್ನಡ ಶಾಲೆಯೊಂದರ ಮಕ್ಕಳು ಅದೇ ಹೊತ್ತಿಗೆ ನೋಡಿದರು, ನಡುವೆ ನಿಲ್ಲಿಸಿ ಪ್ರಶ್ನೆಯನ್ನೂ ಕೇಳಿದರು. ಅದು ಹೇಗೆ ನಡೆಯಿತು, ಎಲ್ಲಿ ಕೆಟ್ಟಿತು, ಮುಂದುವರಿಯಬೇಕಾದರೆ ನಿಮ್ಮಿಂದ ಏನಾಗಬೇಕು ಎಂಬುದನ್ನು ಹೇಳಲು ಈ ಬರಹ.

ಆ ಶಾಲೆಯಲ್ಲಿ ಕನ್ನಡದಲ್ಲಿ ವಿಜ್ಞಾನ ಹೇಳುವವರು ಆ ವರ್ಷ ಇರಲಿಲ್ಲ. ಪುಸ್ತಕ ಕನ್ನಡದ್ದು, ಪಾಠ ತೆಲುಗಿನದ್ದು, ಪರೀಕ್ಷೆ ಮತ್ತೆ ಕನ್ನಡದ್ದು. ಹೀಗಾದಾಗ ತಂದೆತಾಯಿ ಬಂದು ಟಿ.ಸಿ. ಕೇಳುತ್ತಾರೆ, ಅವರನ್ನು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ನಾಲ್ಕು ಟಿ.ಸಿ. ಹೋದರೆ ಸಂಖ್ಯೆ ಇಳಿಯುತ್ತದೆ, ಸಂಖ್ಯೆ ಇಳಿದ ಶಾಲೆಗೆ ಶಿಕ್ಷಕರನ್ನು ಕೇಳುವುದು ಇನ್ನಷ್ಟು ಕಷ್ಟವಾಗುತ್ತದೆ.

ಫೋನಿನಲ್ಲಿ ಪಾಠ ಮಾಡಬಹುದಲ್ಲ ಎಂದು ಹಲವರು ಕೇಳಿದರು. 2020ರಲ್ಲಿ ನಾವೆಲ್ಲ ಅದನ್ನೇ ಮಾಡಿದೆವು. ಫೋನು ಒಂದೇ ಕಣ್ಣಿನ ಪ್ರಾಣಿ. ಶಿಕ್ಷಕಿಯ ಮುಖ ತೋರಿಸಿದರೆ ಪ್ರನಾಳ ಕಾಣದು, ಪ್ರನಾಳ ತೋರಿಸಿದರೆ ಕರಿಹಲಗೆ ಕಾಣದು. ವಿಜ್ಞಾನಕ್ಕೆ ಕನಿಷ್ಠ ಎರಡು ಕ್ಯಾಮೆರಾ ಬೇಕು: ಒಂದು ಹಲಗೆಯ ಕಡೆಗೆ, ಒಂದು ಮೇಜಿನ ಮೇಲಿನಿಂದ ಕೆಳಕ್ಕೆ. ಪುಸ್ತಕದ ಪುಟ ತೋರಿಸಲು ಒಂದು ಲ್ಯಾಪ್‌ಟಾಪ್ ಸೇರಿದರೆ ಮೂರು ಚಿತ್ರಗಳಾದವು. ಈ ಮೂರರಲ್ಲಿ ಯಾವುದು ಹೊರಗೆ ಹೋಗಬೇಕೆಂದು ಗುಂಡಿ ಒತ್ತಿ ಆರಿಸುವ ಪೆಟ್ಟಿಗೆಗೆ ಸ್ವಿಚರ್ ಎನ್ನುತ್ತಾರೆ. ಮೊದಲು ಇದು ದೂರದರ್ಶನ ಕೇಂದ್ರಗಳಲ್ಲಿ ಮಾತ್ರ ಇರುವಂಥ ವಸ್ತುವಾಗಿತ್ತು. 2019ರಲ್ಲಿ ಬಂದ ಎಟಿಇಎಂ ಮಿನಿ ಎಂಬ ಸ್ವಿಚರ್ ಅಂಗೈ ಅಗಲದ್ದು, ನಾಲ್ಕು ಎಚ್‌ಡಿಎಂಐ ಚಿತ್ರಗಳನ್ನು ತೆಗೆದುಕೊಳ್ಳುತ್ತದೆ, ಬಿಡುಗಡೆಯಾದಾಗ ಅದರ ಬೆಲೆ 295 ಡಾಲರ್. ಅದನ್ನು ಯು.ಎಸ್.ಬಿ. ತಂತಿಯಿಂದ ಕಂಪ್ಯೂಟರಿಗೆ ಕೊಟ್ಟರೆ ಕಂಪ್ಯೂಟರು ಅದನ್ನು ಒಂದು ಸಾಧಾರಣ ವೆಬ್ ಕ್ಯಾಮೆರಾ ಎಂದೇ ತಿಳಿಯುತ್ತದೆ. ಹಾಗಾಗಿ ಗೂಗಲ್ ಮೀಟ್‌ನಲ್ಲಿ ಪಾಠ ಕಳುಹಿಸಬಹುದು, ಅತ್ತ ಕಡೆಯ ಮಕ್ಕಳ ಮಾತನ್ನೂ ಕೇಳಬಹುದು.

ನಾವು ಇದನ್ನು ಕೊಳ್ಳಲಿಲ್ಲ. ನಮ್ಮ ಶಾಲೆಯ ಒಬ್ಬ ಪೋಷಕರು ಮದುವೆ ವಿಡಿಯೋ ಕೆಲಸದವರು. ಕಲ್ಯಾಣ ಮಂಟಪದ ಪರದೆಯ ಮೇಲೆ ಮಾಂಗಲ್ಯಧಾರಣೆ ತೋರಿಸಲು ಬಳಸುವ ಸಾಮಾನನ್ನೇ ಒಂದು ದಿನಕ್ಕೆ ತಂದುಕೊಟ್ಟರು. ಊಟವನ್ನು ಬಿಟ್ಟು ಬೇರೇನೂ ತೆಗೆದುಕೊಳ್ಳಲಿಲ್ಲ.

ಕೆಟ್ಟದ್ದನ್ನೂ ಹೇಳಬೇಕು. ಮೊದಲನೆಯದು ತಂತಿ. ಸ್ವಿಚರ್ ಪಕ್ಕದ ಕೊಠಡಿಯಲ್ಲಿತ್ತು, ಅಲ್ಲಿಯವರೆಗೆ ಉದ್ದನೆಯ ಎಚ್‌ಡಿಎಂಐ ತಂತಿ ಎಳೆದೆವು. ಚಿತ್ರ ಬರುವುದು, ಹೋಗುವುದು. ಎಚ್‌ಡಿಎಂಐ ಹತ್ತು ಹದಿನೈದು ಮೀಟರಿಗಿಂತ ದೂರಕ್ಕೆ ನಂಬಿಕೆಯದ್ದಲ್ಲ. ದೂರಕ್ಕೆ ಬೇಕಾದರೆ ಕ್ಯಾಮೆರಾದ ಬಳಿ ಒಂದು ಕನ್ವರ್ಟರ್ ಇಟ್ಟು ಸಂಕೇತವನ್ನು ಎಸ್‌ಡಿಐ ಮಾಡಿ, ಸ್ವಿಚರ್ ಬಳಿ ಇನ್ನೊಂದು ಕನ್ವರ್ಟರಿನಿಂದ ಮತ್ತೆ ಎಚ್‌ಡಿಎಂಐ ಮಾಡಬೇಕು. ಎಸ್‌ಡಿಐ ತಂತಿ ಕೇಬಲ್ ಟಿ.ವಿ.ಯವರು ಎಳೆಯುವ 75 ಓಮ್ ತಂತಿಯ ಜಾತಿಯದು, ಹಲವು ಹತ್ತು ಮೀಟರ್ ಆರಾಮವಾಗಿ ಹೋಗುತ್ತದೆ, ತಿರುಗಿಸಿ ಬಿಗಿಯುವ ಮೂತಿ ಇರುವುದರಿಂದ ಮಕ್ಕಳ ಕಾಲಿಗೆ ಸಿಕ್ಕರೂ ಸುಲಭವಾಗಿ ಕಳಚದು. ನಮ್ಮ ಬಳಿ ಕನ್ವರ್ಟರ್ ಇರಲಿಲ್ಲ. ಕೊನೆಗೆ ಸ್ವಿಚರನ್ನೇ ತಂದು ತರಗತಿಯ ಮೂಲೆಯಲ್ಲಿ ಇಟ್ಟೆವು, ಅಲ್ಲಿಗೆ ಸಮಸ್ಯೆ ಮುಗಿಯಿತು. (ಯಂತ್ರ ತಂದುಕೊಳ್ಳುವ ಮೊದಲು ಬೆಂಚು ಜರುಗಿಸಿ ನೋಡುವುದು ಒಳ್ಳೆಯದು.)

ಎರಡನೆಯದು ಬಣ್ಣ. ಪಾಠ ಆಮ್ಲ ಮತ್ತು ಪ್ರತ್ಯಾಮ್ಲಗಳದು. ಅರಿಶಿನ ಹಚ್ಚಿದ ಕಾಗದದ ಮೇಲೆ ಸುಣ್ಣದ ತಿಳಿನೀರು ಬಿಟ್ಟೆ, ಕಾಗದ ಕೆಂಪಾಯಿತು, ನಮ್ಮ ಮಕ್ಕಳು ಹೋ ಎಂದರು. ಅತ್ತ ಕಡೆಯಿಂದ ಒಬ್ಬ ಹುಡುಗಿ, “ಟೀಚರ್, ಅದು ಮೊದಲೇ ಕೆಂಪಗಿತ್ತಲ್ಲ?” ಎಂದಳು. ನನಗೆ ಅರ್ಥವಾಗಲಿಲ್ಲ. ಪರದೆ ನೋಡಿದರೆ ಅವಳ ಮಾತು ನಿಜ. ಮೇಲಿನ ಕ್ಯಾಮೆರಾ ಬಣ್ಣವನ್ನು ತನ್ನಷ್ಟಕ್ಕೆ ತಾನೇ ಹೊಂದಿಸಿಕೊಳ್ಳುತ್ತಿತ್ತು, ಹಳದಿ ಕಾಗದ ಅದರಲ್ಲಿ ಕಿತ್ತಳೆಯಾಗಿ ಕಂಡಿತ್ತು. ವಿಡಿಯೋದವರು ಎರಡೂ ಕ್ಯಾಮೆರಾಗಳ ಮುಂದೆ ಒಂದು ಬಿಳಿ ಹಾಳೆ ಹಿಡಿದು ವೈಟ್ ಬ್ಯಾಲೆನ್ಸನ್ನು ಕೈಯಿಂದ ಹೊಂದಿಸಿದರು. ನಾನು ಪ್ರಯೋಗವನ್ನು ಮತ್ತೆ ಮಾಡಿದೆ. ಮುದ್ರಿಸಿದ ಪಾಠವಾಗಿದ್ದರೆ ಆ ಹುಡುಗಿ ಅರಿಶಿನ ಕೆಂಪಗಿರುತ್ತದೆ ಎಂದೇ ಬರೆದುಕೊಂಡು ಹೋಗುತ್ತಿದ್ದಳು. ನೇರ ಪ್ರಸಾರವೇ ಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಉಳಿದವು ಸಣ್ಣವು. ಟ್ಯೂಬ್‌ಲೈಟ್ ಕೆಳಗೆ ಚಿತ್ರ ನಡುಗಿದರೆ ಶಟರನ್ನು ಐವತ್ತರಲ್ಲಿ ಒಂದು ಸೆಕೆಂಡಿಗೆ ಇಡಬೇಕು, ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು. ಕ್ಯಾಮೆರಾದ ಬ್ಯಾಟರಿ ಗುರುತು ಚಿತ್ರದ ಮೇಲೆ ಕಾಣದಂತೆ ಮೆನುವಿನಲ್ಲಿ ತೆಗೆಯಬೇಕು. ಧ್ವನಿ ತುಟಿಗಿಂತ ಮೊದಲೇ ಬಂದರೆ ಸ್ವಿಚರಿನಲ್ಲಿ ಧ್ವನಿಯನ್ನು ಒಂದೆರಡು ಫ್ರೇಮು ತಡ ಮಾಡಬಹುದು.

ಧ್ವನಿಯ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ನಮ್ಮ ಹಕ್ಕು ಇರುವುದು ಅಲ್ಲೇ. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ಪಾಠಗಳು ಬಂದವು. ಆ ಆರರಲ್ಲಿ ಆಂಧ್ರವೂ ಇತ್ತು, ಕರ್ನಾಟಕವೂ ಇತ್ತು. ಒಂದು ಚಿತ್ರದ ಜೊತೆಗೆ ಎರಡು ಧ್ವನಿಗಳನ್ನು ಕಳುಹಿಸುವ ವ್ಯವಸ್ಥೆ ಆ ಉಪಗ್ರಹದಲ್ಲಿತ್ತು. ಕೋಳಿಬಲೆಯಂಥ ಜಾಲರಿಯಿಂದ ಮಾಡಿದ ಆಂಟೆನಾದ ಕಾಲದಲ್ಲೇ ಎರಡು ಭಾಷೆಗೆ ಜಾಗವಿತ್ತು. ಇಂದಿನ ಎಸ್‌ಡಿಐ ತಂತಿಯೊಂದರಲ್ಲಿ ಚಿತ್ರದ ಜೊತೆ 16 ಧ್ವನಿಗಳು ಹೋಗಬಲ್ಲವು. ಹೀಗಿರುವಾಗ ರಾಜ್ಯ ಮಟ್ಟದ ಪಾಠವನ್ನೋ ತರಬೇತಿಯನ್ನೋ ನೇರ ಪ್ರಸಾರ ಮಾಡುವಾಗ ಕನ್ನಡಕ್ಕೆ ಸೌಲಭ್ಯವಿಲ್ಲ ಎಂಬ ಉತ್ತರ ಬಂದರೆ, ಆ ಕೊರತೆ ಯಂತ್ರದಲ್ಲಿಲ್ಲ ಎಂದು ನೀವು ಧೈರ್ಯವಾಗಿ ಹೇಳಬಹುದು. ಬೇಕಾಗಿರುವುದು ಒಬ್ಬ ಕನ್ನಡ ಶಿಕ್ಷಕ ಮತ್ತು ಒಂದು ಮೈಕು.

ಕೇರಳದಲ್ಲಿ 2020ರ ಜೂನ್ 1ರಂದು ವಿಕ್ಟರ್ಸ್ ವಾಹಿನಿಯಲ್ಲಿ ‘ಫಸ್ಟ್ ಬೆಲ್’ ಪಾಠಗಳು ಶುರುವಾದವು. ಕಾಸರಗೋಡಿನ ಮಕ್ಕಳಿಗಾಗಿ ಕನ್ನಡ ಮಾಧ್ಯಮದ ಪಾಠಗಳೂ ತಯಾರಾಗಿ ಯೂಟ್ಯೂಬ್‌ನಲ್ಲಿ ಬಂದವು. ನಮ್ಮ ಕಡೆಯ ಕೆಲವು ಮಕ್ಕಳು ಆ ವರ್ಷ ಚಂದನ ವಾಹಿನಿಯ ಸೇತುಬಂಧ ಪಾಠ ನೋಡಿದರು. ಭಾಷೆ ನಮ್ಮದೇ, ಆದರೆ ಪಠ್ಯ ಕರ್ನಾಟಕದ್ದು. ಪುಟ ಹುಡುಕಿ ಸುಸ್ತಾದರು.

ಸ್ವೀಕರಿಸುವ ಕಡೆಗೆ ಹೆಚ್ಚು ಖರ್ಚಿಲ್ಲ. 2023ರಿಂದ ನಾಡು-ನೇಡು ಯೋಜನೆಯಲ್ಲಿ ಸರ್ಕಾರಿ ಪ್ರೌಢಶಾಲೆಗಳಿಗೆ ಬಂದ ಐ.ಎಫ್.ಪಿ. ಪರದೆಗಳಿವೆ. ನಿಮ್ಮ ಊರಿನ ಶಾಲೆಗೂ ಅದು ಬಂದಿದ್ದರೆ ಒಂದು ಇಂಟರ್‌ನೆಟ್ ಸಂಪರ್ಕ, ಒಂದು ಮೈಕು ಸಾಕು. ಕರೆಂಟು ಹೋಗುವ ಹೊತ್ತಿಗೆ ಯು.ಪಿ.ಎಸ್. ಇದ್ದರೆ ಇನ್ನೂ ಒಳ್ಳೆಯದು.

ಈಗ ನನ್ನ ಸಹೋದ್ಯೋಗಿಗಳ ಭಯ. “ನೀವು ಹೀಗೆ ತೋರಿಸಿಕೊಟ್ಟರೆ ನಾಳೆ ಆ ಶಾಲೆಗೆ ಶಿಕ್ಷಕರೇ ಬೇಡ, ಪರದೆ ಇದೆಯಲ್ಲ ಎನ್ನುತ್ತಾರೆ,” ಎಂದು ಒಬ್ಬ ಹಿರಿಯರು ನನ್ನನ್ನು ಬೈದರು. ಅವರ ಮಾತನ್ನು ತಳ್ಳಿಹಾಕಲಾರೆ. ಸಂವಿಧಾನದ 350-ಎ ವಿಧಿ ಮಾತೃಭಾಷೆಯ ಸೌಲಭ್ಯವನ್ನು ಹೇಳುವುದು ಪ್ರಾಥಮಿಕ ಹಂತಕ್ಕೆ. ಪ್ರೌಢಶಾಲೆಯ ಹುದ್ದೆಗಾಗಿ ನಾವು ಬೇರೆ ದಾರಿಯಲ್ಲಿ ಹೋರಾಡಬೇಕು, ಅಲ್ಲಿ ನೆಲ ಅಷ್ಟು ಗಟ್ಟಿಯಿಲ್ಲ. ಆದರೂ ಹುದ್ದೆ ತುಂಬುವ ತನಕ ಈ ವರ್ಷದ ಹತ್ತನೇ ತರಗತಿ ಕಾದು ಕುಳಿತಿರುವುದಿಲ್ಲ. ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಪಾಠ ನಡೆಯಲಿ, ಆದರೆ ಪ್ರತಿ ಪಾಠಕ್ಕೂ ದಿನಾಂಕ ಹಾಕಿ, “ಕನ್ನಡ ಮಾಧ್ಯಮದ ವಿಜ್ಞಾನ ಹುದ್ದೆ ಖಾಲಿ ಇರುವ ಕಾರಣ ನಡೆಸಲಾಯಿತು” ಎಂದು ಶಾಲಾ ಸಮಿತಿಯ ಪುಸ್ತಕದಲ್ಲಿ ಬರೆಸಿ, ಪೋಷಕರೇ ಸಹಿ ಹಾಕಬೇಕು. ಆ ಪುಟಗಳ ನಕಲನ್ನು ಮನವಿಯ ಜೊತೆಗೆ ಜಿಲ್ಲಾ ಶಿಕ್ಷಣಾಧಿಕಾರಿಗಳಿಗೆ ಕೊಡಬೇಕು. ಶಿಕ್ಷಕರು ಬರೆದರೆ ಅದು ದೂರು ಎನಿಸುತ್ತದೆ. ನೀವು ಬರೆದರೆ ದಾಖಲೆಯಾಗುತ್ತದೆ.

ಕನ್ವರ್ಟರ್ ಜೋಡಿ, ನಾಲ್ಕು ತಂತಿ, ಒಂದು ಕಾಲರ್ ಮೈಕು, ಇಷ್ಟು ಶಾಲೆಯದೇ ಆಗಿರಲಿ. ಕ್ಯಾಮೆರಾ ಮತ್ತು ಸ್ವಿಚರನ್ನು ಕೇಳಿ ತರೋಣ. ಆಷಾಢದಲ್ಲಿ ಮುಹೂರ್ತಗಳಿರುವುದಿಲ್ಲ, ವಿಡಿಯೋದವರ ಪೆಟ್ಟಿಗೆಗಳು ಕಪಾಟಿನಲ್ಲೇ ಇರುತ್ತವೆ, ಶಾಲೆ ಮಾತ್ರ ಜೂನ್‌ನಲ್ಲೇ ತೆರೆದಿರುತ್ತದೆ. ಆ ತಿಂಗಳ ಪೋಷಕರ ಸಭೆಗೆ ಬರುವಾಗ ನಿಮ್ಮ ಪರಿಚಯದ ವಿಡಿಯೋದವರನ್ನೂ ಜೊತೆಗೆ ಕರೆದುಕೊಂಡು ಬನ್ನಿ.