ಇಂಪೀಡೆನ್ಸಿಗೆ ತ್ರಿಕೋನವೊಂದೇ ಸಾಲದು

ಪರ್ಯಾಯ ವಿದ್ಯುತ್ತಿನ ಪಾಠವನ್ನು ಓದಿ ಇಂಪೀಡೆನ್ಸಿನ ತ್ರಿಕೋನವನ್ನು ಬರೆಯದ ವಿದ್ಯಾರ್ಥಿ ವಿರಳ. ರೋಧ 30 ಓಮ್, ಸುರುಳಿಯ ರಿಯಾಕ್ಟೆನ್ಸ್ 40 ಓಮ್. ಇವು ಕೂಡಿ 70 ಆಗುವುದಿಲ್ಲ, ಲಂಬಕೋನದ ಎರಡು ಬಾಹುಗಳಂತೆ ನಿಂತು 50 ಓಮಿನ ಕರ್ಣವನ್ನು ಕೊಡುತ್ತವೆ. ಅಂಕಗಳೂ ದೊರೆಯುತ್ತವೆ. ಆದರೆ ಚಿತ್ರವು ಅಲ್ಲಿಗೇ ನಿಂತುಬಿಡುವುದು ತರವಲ್ಲವೆಂದು ನನ್ನ ಅಭಿಪ್ರಾಯ.

ಅಮೆರಿಕದಲ್ಲಿದ್ದ ಕೆನೆಲಿ ಮತ್ತು ಸ್ಟೈನ್‌ಮೆಟ್ಸ್ 1893ರಲ್ಲಿಯೇ ಇಂಪೀಡೆನ್ಸನ್ನು ಸಮ್ಮಿಶ್ರ ಸಂಖ್ಯೆಯಾಗಿ ಬಳಸಿ ತೋರಿಸಿದರು. ಎಂದರೆ ಅದು ಬರಿಯ ಪರಿಮಾಣವಲ್ಲ. ಸಮತಲದ ಮೇಲಿನ ಒಂದು ಬಿಂದು. ರೋಧವನ್ನು ಅಡ್ಡ ಅಕ್ಷದಲ್ಲಿ ಅಳೆಯಬೇಕು. ರಿಯಾಕ್ಟೆನ್ಸನ್ನು ಲಂಬ ಅಕ್ಷದಲ್ಲಿ, ಸುರುಳಿಯದನ್ನು ಮೇಲಕ್ಕೆ, ಕೆಪ್ಯಾಸಿಟರಿನದನ್ನು ಕೆಳಕ್ಕೆ.

ಮೇಲಿನ ಬೆಲೆಗಳು 50 ಹರ್ಟ್ಸ್ ಆವೃತ್ತಿಯವೆಂದು ಭಾವಿಸಿ, ಅದೇ ಆವೃತ್ತಿಯಲ್ಲಿ 40 ಓಮ್ ರಿಯಾಕ್ಟೆನ್ಸುಳ್ಳ ಕೆಪ್ಯಾಸಿಟರೊಂದನ್ನು ಸರಣಿಯಲ್ಲಿ ಜೋಡಿಸೋಣ. ಈಗ ಆವೃತ್ತಿಯನ್ನು ಬದಲಿಸುತ್ತ ಹೋಗಿರಿ. 25 ಹರ್ಟ್ಸಿನಲ್ಲಿ ಸುರುಳಿಯದು 20 ಓಮಿಗೆ ಇಳಿಯುತ್ತದೆ, ಕೆಪ್ಯಾಸಿಟರಿನದು 80ಕ್ಕೆ ಏರುತ್ತದೆ; ಬಿಂದುವು ಅಡ್ಡ ಅಕ್ಷಕ್ಕಿಂತ 60 ಕೆಳಗಿರುತ್ತದೆ. 50ರಲ್ಲಿ ಅದು ಅಕ್ಷವನ್ನು ಮುಟ್ಟುತ್ತದೆ. 100ರಲ್ಲಿ 60 ಮೇಲಿರುತ್ತದೆ. ರೋಧ ಬದಲಾಗದ ಕಾರಣ ಬಿಂದುವು ನಡೆದ ದಾರಿ ನೆಟ್ಟನೆಯ ಸರಳರೇಖೆ.

ಇದರ ಬದಲು ಇಂಪೀಡೆನ್ಸಿನ ಪರಿಮಾಣವನ್ನಷ್ಟೇ ಆವೃತ್ತಿಗೆದುರಾಗಿ ಗುರುತಿಸುವ ವಕ್ರರೇಖೆಯೊಂದುಂಟು. ಅದರಲ್ಲಿ ಸುಮಾರು 31 ಹರ್ಟ್ಸಿಗೂ 81 ಹರ್ಟ್ಸಿಗೂ ಒಂದೇ ಎತ್ತರ, 50 ಓಮ್. ಆದರೆ ಮೊದಲನೆಯದರಲ್ಲಿ ಪ್ರವಾಹವು ವೋಲ್ಟೇಜಿಗಿಂತ 53 ಡಿಗ್ರಿ ಮುಂದಿದೆ. ಎರಡನೆಯದರಲ್ಲಿ ಅಷ್ಟೇ ಹಿಂದಿದೆ. ವಕ್ರರೇಖೆ ಮುಚ್ಚಿಡುವ ಈ ಭೇದವನ್ನು ನಮ್ಮ ಲಂಬರೇಖೆ ನೋಡಿದೊಡನೆಯೇ ಹೇಳಿಬಿಡುತ್ತದೆ. (81ನ್ನು 50ರಿಂದ ಭಾಗಿಸಿದರೆ ಬರುವುದು ಹೆಚ್ಚುಕಡಮೆ ರೇಖಾಗಣಿತದ ಸುವರ್ಣ ಅನುಪಾತ, ಕುತೂಹಲವಿದ್ದವರು ಕಾರಣವನ್ನು ಹುಡುಕಬಹುದು.)

ಲೆಕ್ಕದ ಯಂತ್ರವು ಕ್ಷಣದಲ್ಲಿ ಉತ್ತರ ಕೊಡುವಾಗ ಗ್ರಾಫ್ ಕಾಗದವೇಕೆಂದು ಕೇಳುವವರಿದ್ದಾರೆ. 50 ಹರ್ಟ್ಸಿನ 100 ವೋಲ್ಟನ್ನು ಈ ಮಂಡಲಕ್ಕೆ ಕೊಡಿರಿ. ಒಟ್ಟು ರಿಯಾಕ್ಟೆನ್ಸ್ ಸೊನ್ನೆ, ಪ್ರವಾಹ 3.33 ಆಂಪಿಯರ್ ಎಂದು ಯಂತ್ರ ಹೇಳೀತು. ಚಿತ್ರದಲ್ಲಿಯಾದರೋ ಮೇಲಕ್ಕೆ 40, ಕೆಳಕ್ಕೆ 40, ಎರಡು ಉದ್ದನೆಯ ಬಾಣಗಳು ಕಣ್ಣೆದುರಿಗೇ ಇವೆ. ಪ್ರವಾಹದಿಂದ ಗುಣಿಸಿದರೆ ಒಂದೊಂದೂ 133 ವೋಲ್ಟ್, ಮೂಲಕ್ಕಿಂತ ಹೆಚ್ಚು! ನೂರು ವೋಲ್ಟನ್ನು ಮಾತ್ರ ತಾಳುವ ಕೆಪ್ಯಾಸಿಟರನ್ನು ಅಲ್ಲಿ ಜೋಡಿಸಿದವನಿಗೆ ಅದು ಸುಟ್ಟ ಮೇಲೆಯೇ ಈ ಸಂಗತಿ ತಿಳಿದೀತು.