ಎಲೆಯಡಿಯ ನುಸಿಯೂ ಸೀಸೆಯ ಮೇಲಿನ ಹೆಸರೂ

ಶಿವರಾತ್ರಿ ಕಳೆದು ಬಿಸಿಲು ಬಲಿತೊಡನೆ ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಪಾಲಿಹೌಸುಗಳಲ್ಲಿ ಗುಲಾಬಿ ಬೆಳೆಯುವವರೂ ಬೆಂಗಳೂರಿನ ನರ್ಸರಿಯವರೂ, ಮೈಟ್ಸ್ ಬಿದ್ದಿದೆ, ಯಾವ ಔಷಧಿ ಹೊಡೆದರೂ ಸಾಯುತ್ತಿಲ್ಲವೆಂದು ಹಲುಬತೊಡಗುತ್ತಾರೆ. ಎಲೆಯ ಅಡಿಯಲ್ಲಿ ಕುಳಿತು ರಸ ಹೀರಿ, ಮೇಲುಮೈಯಲ್ಲಿ ರವೆ ಚೆಲ್ಲಿದಂತಹ ಹಳದಿ ಚುಕ್ಕೆಗಳನ್ನೆಬ್ಬಿಸಿ, ಕಡೆಗೆ ಮೊಗ್ಗಿಗೂ ಬಲೆ ಹೊದಿಸುವ ಈ ಜೇಡನುಸಿ ಅರ್ಧ ಮಿಲಿಮೀಟರಿನಷ್ಟರದು. ಬಿಳಿಯ ಕಾಗದದ ಮೇಲೆ ಎಲೆಯನ್ನು ಕೊಡವಿದಲ್ಲದೆ ಕಣ್ಣಿಗೆ ಬೀಳದು.

ಔಷಧಿ ಕಲಬೆರಕೆಯೆಂದು ಅಂಗಡಿಯವನನ್ನು ಶಪಿಸುವುದು ಸುಲಭ. ದೋಷವಾದರೋ ಬಹುಮಟ್ಟಿಗೆ ಸಿಂಪಡಿಸುವ ಕ್ರಮದಲ್ಲಿಯೇ ಇದೆ. ಬೇಸಗೆಯಲ್ಲಿ ವಾರ ಹತ್ತು ದಿನಗಳೊಳಗೆ ಒಂದು ಪೀಳಿಗೆ ಬೆಳೆದು ನಿಲ್ಲುವ ಈ ಜೀವಿಯಲ್ಲಿ, ಫಲಿತವಾಗದ ಮೊಟ್ಟೆಯಿಂದ ಗಂಡು ಹುಟ್ಟುವುದರಿಂದಲೂ, ಆ ಗಂಡಿಗೆ ತಾಯಿಯ ಒಂದೇ ಪಾಲಿನ ವಂಶವಾಹಿಗಳು ದೊರೆಯುವುದರಿಂದಲೂ, ವಿಷವನ್ನು ತಾಳುವ ಗುಣವೊಂದು ಮೂಡಿತೆಂದರೆ ಅದು ಮರೆಯಲ್ಲಿ ಅಡಗಿರದೆ ಕೂಡಲೇ ಪ್ರಕಟವಾಗುತ್ತದೆ. ಮಿಕ್ಕವನ್ನೆಲ್ಲ ಕೊಂದು ಅದರ ಸಂತತಿಗೆ ಎಡೆಮಾಡಿಕೊಡುವ ಕೆಲಸವನ್ನು ನಮ್ಮ ಪಂಪೇ ಮಾಡುತ್ತದೆ.

ಔಷಧಿ ಬದಲಿಸಿದೆವಲ್ಲ ಎನ್ನುವರು. ಬದಲಾದುದು ಸೀಸೆ ಮಾತ್ರ. ಫೆನಾಜಾಕ್ವಿನ್, ಫೆನ್‌ಪೈರಾಕ್ಸಿಮೇಟ್‌ ಎಂಬ ನುಸಿನಾಶಕಗಳೆರಡೂ ಜೀವಕೋಶದ ಉಸಿರಾಟದ ಒಂದೇ ಘಟ್ಟವನ್ನು ತಡೆಯುವ, ಒಂದೇ ವರ್ಗದ ಔಷಧಿಗಳು. ಒಂದಕ್ಕೆ ಬಗ್ಗದ ನುಸಿ ಇನ್ನೊಂದಕ್ಕೂ ಬಗ್ಗದಿರುವುದು ಸಾಮಾನ್ಯ. ಬೇರೆ ಹುಳುಗಳಿಗೆಂದು ಹೊಡೆಯುವ ಪೈರೆಥ್ರಾಯ್ಡ್ ಔಷಧಿಗಳಂತೂ ಜೇಡನುಸಿಯನ್ನು ತಿಂದು ಬದುಕುವ ಬೇಟೆನುಸಿಗಳನ್ನೇ ಮೊದಲು ನಿರ್ನಾಮಗೊಳಿಸುತ್ತವೆ.

ಆ ಬೇಟೆನುಸಿಗಳ ಕಥೆ ಸ್ವಾರಸ್ಯವಾದುದು. ಚಿಲಿ ದೇಶದಿಂದ ಜರ್ಮನಿಗೆ ಬಂದ ಆರ್ಕಿಡ್ ಗಿಡಗಳೊಡನೆ, ಯಾರೂ ಕರೆಯದೆಯೇ, 1958ರ ಸುಮಾರಿಗೆ ಬಂದಿಳಿದ ಫೈಟೋಸೀಯುಲಸ್ ಎಂಬ ಕಿತ್ತಳೆ ಬಣ್ಣದ ನುಸಿಯೇ ಮುಂದೆ ಯೂರೋಪಿನ ಗಾಜಿನ ಮನೆಗಳಲ್ಲಿ ಬೆಳೆಗಾರರ ಆಳಾಯಿತು. ನಮ್ಮಲ್ಲಿಯೂ ನಿಯೋಸೀಯುಲಸ್ ಜಾತಿಯ ಬೇಟೆನುಸಿಗಳು ಸಹಜವಾಗಿಯೇ ಇವೆ. ಪ್ರೊಫೆಸರ್ ಚನ್ನಬಸವಣ್ಣನವರು ನುಸಿಶಾಸ್ತ್ರವನ್ನು ಬೆಳೆಸಿದ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವೂ ಹೆಬ್ಬಾಳದ ಆಚೆಗೇ ಇದೆ. ಇಷ್ಟಿದ್ದೂ ನರ್ಸರಿಯವನು ಸಲಹೆ ಕೇಳುವುದು ಔಷಧಿ ಮಾರುವವನನ್ನೇ!

ಅಲಂಕಾರದ ಗಿಡವನ್ನು ಯಾರೂ ತಿನ್ನುವುದಿಲ್ಲವಾಗಿ ಅದರ ವಿಷಶೇಷವನ್ನು ವಿಚಾರಿಸುವವರೂ ವಿರಳ. ಕೊಳ್ಳುವವರು ಕಲೆಯೇ ಇಲ್ಲದ ಎಲೆಯನ್ನು ಬಯಸುತ್ತಾರೆ. ಅದಕ್ಕಾಗಿ ಹೊಡೆತ ಹೆಚ್ಚುತ್ತದೆ. ಸಾಯದೆ ಉಳಿದ ನುಸಿ ಕುಂಡದೊಡನೆ ಅವರ ಮನೆಗೇ ಬರುತ್ತದೆ. ಔಷಧಿ ಯಾವ ವರ್ಗದ್ದೆಂಬುದನ್ನು ಪ್ರತಿ ಸೀಸೆಯ ಮೇಲೂ ದಪ್ಪ ಕನ್ನಡ ಅಕ್ಷರಗಳಲ್ಲಿ ಮುದ್ರಿಸುವಂತೆ ಸರಕಾರವು ವಿಧಿಸತಕ್ಕದ್ದು. ಗಿಡ ಕೊಳ್ಳುವ ಮಹನೀಯರು ತಂದ ಕುಂಡವನ್ನು ಎರಡು ವಾರ ಬೇರೆಯಿರಿಸಿ, ಎಲೆಯ ಅಡಿಗೆ ನೀರು ರಾಚಿ ತೊಳೆಯಲಿ. ನಾಲ್ಕು ಚುಕ್ಕೆ ಕಂಡಿತೆಂದು ಔಷಧಿಯಂಗಡಿಗೆ ಓಡದಿರಲಿ.