ತಂತ್ರಾಂಶವನ್ನು ನಾವೇ ಏಕೆ ಕಟ್ಟಬಾರದು?

ಇಂದು ಮೊಬೈಲಿನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ಬೇಕಾದ ತಂತ್ರಾಂಶ ಬಂದು ಕೂಡುತ್ತದೆ. ಅದು ಹೇಗೆ ತಯಾರಾಯಿತೆಂದು ಕೇಳುವವರು ವಿರಳ. ನಮ್ಮ ವಿದ್ಯಾರ್ಥಿಗಳು ಶಾಲೆ ಬಿಡುವ ಮುನ್ನ ಒಮ್ಮೆಯಾದರೂ ಒಂದು ತಂತ್ರಾಂಶವನ್ನು ಅದರ ಮೂಲ ಬರಹದಿಂದ, ಅಂದರೆ ಸೋರ್ಸ್ ಕೋಡಿನಿಂದ, ತಾವೇ ಕಟ್ಟಿ ಗಣಕಯಂತ್ರದಲ್ಲಿ ಸ್ಥಾಪಿಸಬೇಕೆಂಬುದು ನನ್ನ ಅಭಿಪ್ರಾಯ.

ಪಾಲಕರಿಗೆ ಇದು ವಿಚಿತ್ರವೆನಿಸೀತು. ಆದರೆ ನಮ್ಮ ಇಚಲಕರಂಜಿಯನ್ನು ನೆನೆಯಿರಿ. 1904ರಲ್ಲಿ ವಿಠ್ಠಲರಾವ್ ದಾತಾರರು ಅಲ್ಲಿ ಮೊದಲ ಯಂತ್ರಮಗ್ಗ ಹೂಡಿದರು. ಇಂದಿಗೂ ಮಗ್ಗ ನಿಂತರೆ ಜಾಬರ್ ಬಂದು, ಬಿಚ್ಚಿ, ಸರಿಪಡಿಸಿ ಹೋಗುತ್ತಾನೆ. ಬಿಚ್ಚಲು ಬಾರದಂತೆ ಬೀಗ ಹಾಕಿದ ಮಗ್ಗವನ್ನು ಯಾವ ಮಾಲಿಕ ಕೊಂಡಾನು?

ಜಕಾರ್ಡ್ ಮಗ್ಗದ ಕೆಲಸ ಬಲ್ಲವರಿಗೆ ಈ ವಿಷಯ ಇನ್ನೂ ಬೇಗ ತಿಳಿಯುತ್ತದೆ. ಚಿತ್ತಾರವನ್ನು ಮೊದಲು ಚೌಕುಳಿ ಕಾಗದದ ಮೇಲೆ ಬರೆಯುತ್ತಾರೆ. ಆಮೇಲೆ ಅದನ್ನು ನೋಡಿ ರಟ್ಟುಗಳಿಗೆ ರಂಧ್ರ ಹೊಡೆಯುತ್ತಾರೆ. ಕಾಗದ ಮನುಷ್ಯನಿಗೆ, ರಟ್ಟು ಮಗ್ಗಕ್ಕೆ. ಸೋರ್ಸ್ ಕೋಡ್ ಆ ಕಾಗದ. ಅದನ್ನು ರಟ್ಟಾಗಿಸುವ ಕೆಲಸವೇ ಕಂಪೈಲ್ ಮಾಡುವುದು. ನಾವು ಅಂಗಡಿಯಿಂದ ತರುವುದು ಬಹುಮಟ್ಟಿಗೆ ಬರೀ ರಟ್ಟು. ಒಂದು ಹೂವು ಬದಲಿಸಬೇಕೆಂದರೂ ಕಾಗದ ನಮ್ಮ ಕೈಯಲ್ಲಿಲ್ಲ.

ಕಾಗದವನ್ನೂ ಎಲ್ಲರಿಗೆ ಕೊಡಬೇಕೆಂದು 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಗ್ನೂ ಯೋಜನೆಯನ್ನು ಸಾರಿದರು. 1991ರಲ್ಲಿ ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಹೊರತಂದರು. ಗ್ನೂದವರದೇ 'ಹೆಲೋ' ಎಂಬ ಪುಟ್ಟ ತಂತ್ರಾಂಶವಿದೆ. ಒಂದು ವಾಕ್ಯದಲ್ಲಿ ಜಗತ್ತಿಗೆ ನಮಸ್ಕಾರ ಹೇಳುವುದೇ ಅದರ ಕೆಲಸ! ಕಲಿಯುವವರಿಗೆ ಮಾದರಿಯಾಗಲೆಂದೇ ಅದನ್ನು ಇಟ್ಟಿದ್ದಾರೆ.

ಮನೆಯ ಹಳೆಯ ಯಂತ್ರದಲ್ಲಿ ನಾನು ಅದನ್ನು ಕಟ್ಟಿ ನೋಡಿದೆ. ಮೊದಲು 'ಕಾನ್ಫಿಗರ್' ಎಂದರೆ ಯಂತ್ರದಲ್ಲಿ ಬೇಕಾದ ಸಾಮಾನೆಲ್ಲ ಇದೆಯೇ ಎಂದು ಅದು ಹುಡುಕುತ್ತದೆ. 'ಮೇಕ್' ಎಂದರೆ ಕಟ್ಟುತ್ತದೆ. 'ಮೇಕ್ ಇನ್‌ಸ್ಟಾಲ್' ಎಂದರೆ ತಕ್ಕ ಜಾಗದಲ್ಲಿ ಇಡುತ್ತದೆ. ಹೇಳಲು ಸುಲಭ. ನನಗಂತೂ ಮೊದಲ ಸಲ ಕಂಪೈಲರೇ ಇಲ್ಲವೆಂದು ನಿಂತಿತು, ಎರಡನೆಯ ಸಲ ಮತ್ತೇನೋ ಸಹಾಯಕ ತಂತ್ರಾಂಶ ಇಲ್ಲವೆಂದಿತು. ಹೀಗೆ ಒಂದು ಸಂಜೆ ಕಳೆಯಿತು. ದೋಷದ ಸಾಲನ್ನು ಹೆದರದೆ ಓದುವುದನ್ನು ಕಲಿತದ್ದು ಆ ಸಂಜೆಯೇ. ಕೊನೆಗೆ ಮೂಲದಲ್ಲಿ ಒಂದು ಸಾಲು ತಿದ್ದಿ ಮತ್ತೆ ಕಟ್ಟಿದಾಗ ಪರದೆಯ ಮೇಲೆ 'ನಮಸ್ಕಾರ ಗಡಹಿಂಗ್ಲಜ' ಎಂದು ಕನ್ನಡದಲ್ಲಿ ಮೂಡಿತು. ಮನೆಯವರು ನಕ್ಕರು, ನಾನು ಮಾತ್ರ ಹಿಗ್ಗಿದೆ.

ಗಡಿನಾಡಿನ ನಮಗೆ ಇದರಲ್ಲಿ ವಿಶೇಷ ಲಾಭವಿದೆ. ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಗಣಕಯಂತ್ರದ ಮುಂದೆ ಕುಳಿತರೆ ಇಂಗ್ಲಿಷು. ಕನ್ನಡ ಹಾಕಿಕೊಡಿರೆಂದು ಯಾರಿಗೆ ಅರ್ಜಿ ಬರೆಯೋಣ? ಮೂಲ ಬರಹ ಮುಕ್ತವಾಗಿದ್ದರೆ ಅರ್ಜಿ ಬೇಕಿಲ್ಲ. ಪರದೆಯ ಮಾತುಗಳೆಲ್ಲ ಹೆಚ್ಚಾಗಿ ಬೇರೊಂದು ಕಡತದಲ್ಲಿ ಸಾಲಾಗಿರುತ್ತವೆ. ಎದುರಿಗೆ ಕನ್ನಡ ಬರೆದರಾಯಿತು. ಲಿನಕ್ಸಿನ ಗ್ನೋಮ್ ಪರದೆಗೆ ಕನ್ನಡ ಬಂದದ್ದು ಹೀಗೆಯೇ. ಒಂಬತ್ತನೆಯ ಇಯತ್ತೆಯ ಹುಡುಗಿಗೂ ಇದು ಸಾಧ್ಯ.

ಪರೀಕ್ಷೆಯಲ್ಲಿ ಇದಕ್ಕೆ ಗುಣಗಳೆಷ್ಟು ಎಂದು ಪಾಲಕರು ಕೇಳುವರು. ಒಂದೂ ಇಲ್ಲ. ದಿನನಿತ್ಯ ಎಲ್ಲವನ್ನೂ ಹೀಗೆ ಕಟ್ಟಬೇಕೆಂದೂ ನಾನು ಹೇಳುವುದಿಲ್ಲ. ಅಂಗಿ ಬೇಕಾದಾಗಲೆಲ್ಲ ಯಾರೂ ಮಗ್ಗ ಹೂಡುವುದಿಲ್ಲ. ಗುರುತಿಲ್ಲದವರು ಕೊಟ್ಟ ಮೂಲವನ್ನು ಕಟ್ಟಲೂಬಾರದು, ಅದರಲ್ಲಿ ಕಳ್ಳನೂ ಅಡಗಿದ್ದಾನು. ನಾನು ಕೇಳುವುದು ವರ್ಷಕ್ಕೆ ಎರಡು ಶನಿವಾರ, ಹಳೆಯದೊಂದು ಯಂತ್ರ ಮತ್ತು ದೋಷ ಬಂದಾಗ ಮಕ್ಕಳ ಪಕ್ಕದಲ್ಲಿ ಕೂಡುವ ಒಬ್ಬ ಶಿಕ್ಷಕ. ಮೊದಲನೆಯ ಶನಿವಾರ ಬಹುಶಃ ಕಂಪೈಲರ್ ಹುಡುಕುವುದರಲ್ಲೇ ಮುಗಿಯುತ್ತದೆ.